ನಮೂನೆ ಆರು ಇಲ್ಲದ ಊರು

ಗದಗಿನ ಪ್ರಿಂಟಿಂಗ್ ಪ್ರೆಸ್ಸುಗಳಿಗೆ ತಮ್ಮದೇ ಒಂದು ಪಂಚಾಂಗವಿದೆ. ಯುಗಾದಿಯಿಂದ ಬಸವ ಜಯಂತಿ ದಾಟುವ ತನಕ ಲಗ್ನಪತ್ರಿಕೆ, ಮೇ ತಿಂಗಳೆಲ್ಲ ಶಾಲೆಯ ನೋಟ್‌ಬುಕ್ಕು, ಶ್ರಾವಣದಿಂದಾಚೆಗೆ ಬರುವ ವರ್ಷದ ಕ್ಯಾಲೆಂಡರು. ನಡುನಡುವೆ ಬಿಲ್ ಬುಕ್ಕು, ಜಾತ್ರೆಯ ಹ್ಯಾಂಡ್‌ಬಿಲ್ಲು, ಪುರಾಣದ ಪುಸ್ತಕ. ‘ಮುದ್ರಣ ಕಾಶಿ’ ಎಂಬ ಹೆಸರು ಊರಿಗೆ ಸುಮ್ಮನೆ ಬಂದದ್ದಲ್ಲ. ಆದರೆ ಸೀಸನ್ ಮುಗಿದರೆ ಈ ಕಾಶಿಯಲ್ಲೂ ಕೈ ಖಾಲಿ.

2024ರ ಮೇ ಕೊನೆಯಲ್ಲಿ ಬೆಟಗೇರಿಯ ಒಂದು ಬೈಂಡಿಂಗ್ ಅಂಗಡಿಯಲ್ಲಿ ಮೂವರು ಮಾತಿಗೆ ಕೂತಿದ್ದರು. ಅಂಗಡಿಯ ಹಿರಿಯರು ರೂಲು ಹಾಕಿದ ದೊಡ್ಡ ಹಾಳೆಗಳನ್ನು ಮಡಚುತ್ತಿದ್ದರು. ಒಂದು ಮಡಿಕೆ, ಮಡಿಕೆಯ ಮೇಲೆ ಮರದ ಪಟ್ಟಿಯಿಂದ ಒಂದು ಎಳೆತ, ಹಾಳೆ ತಿರುವಿ ಇನ್ನೊಂದು ಮಡಿಕೆ. ಕೈ ಅದರ ಪಾಡಿಗೆ ನಡೆದಿತ್ತು, ಬಾಯಿ ಅದರ ಪಾಡಿಗೆ. ಎದುರಿಗಿದ್ದವನು ಮುಂಡರಗಿ ತಾಲ್ಲೂಕಿನ ಹುಡುಗ, ಕಪ್ಪತಗುಡ್ಡದ ಮಗ್ಗುಲಿನ ಹಳ್ಳಿಯವನು, ಬಿ.ಕಾಂ. ಮುಗಿಸಿದವನು, ಕೆಲಸ ಕೇಳಿಕೊಂಡು ಬಂದಿದ್ದ. ಮೂರನೆಯವರು ಶಿರಹಟ್ಟಿ ತಾಲ್ಲೂಕಿನ ಹೆಣ್ಣುಮಗಳು. ತಮ್ಮ ಮಹಿಳಾ ಸಂಘಕ್ಕೆ ಲೆಕ್ಕದ ಪುಸ್ತಕ ಕಟ್ಟಿಸಲು ಬಂದಿದ್ದರು. ಊರಲ್ಲಿ ಅವರು ಉದ್ಯೋಗ ಖಾತ್ರಿಯ ‘ಕಾಯಕ ಬಂಧು’, ಅಂದರೆ ಕೂಲಿಕಾರರ ಗುಂಪು ಕಟ್ಟಿಕೊಂಡು ಕೆಲಸ ಮಾಡಿಸುವ ಮೇಟಿ.

“ಕೆಲ್ಸ ಐತಿ ತಮ್ಮಾ, ಇಲ್ಲಂತ ಅನ್ನೂದಿಲ್ಲ” ಎಂದರು ಹಿರಿಯರು. “ಆದ್ರ ಸಾಲಿ ಚಾಲೂ ಆಗೂತನಕ ಅಷ್ಟ. ಆಮ್ಯಾಲೆ ಕ್ಯಾಲೆಂಡರ್ ಆರ್ಡರ್ ಬರೂತನಕ ನನಗ ಕೆಲ್ಸ ಇರೂದಿಲ್ಲ, ನಿನಗೆಲ್ಲಿಂದ ಕೊಡ್ಲಿ?”

“ಅಷ್ಟಾದ್ರೂ ಕೊಡ್ರಿ ಕಾಕಾ.”

“ಬಿ.ಕಾಂ. ಮಾಡಿ ಹಾಳಿ ಮಡಚಾಕ ಬರ್ತೀಯಾ?”

ಹುಡುಗ ಇದಕ್ಕೆ ಸಿಟ್ಟಾಗಲಿಲ್ಲ. ಬಹಳ ಸಲ ಕೇಳಿಸಿಕೊಂಡ ಪ್ರಶ್ನೆ ಇರಬೇಕು. ತನ್ನ ಕತೆಯನ್ನು ತಾರೀಖಿನ ಸಮೇತ ಹೇಳಿದ. 2019ರಲ್ಲಿ ಪದವಿ, ಅದೇ ವರ್ಷ ಗೋವಾದ ಒಂದು ಹೋಟೆಲಿನಲ್ಲಿ ಲೆಕ್ಕ ಬರೆಯುವ ಕೆಲಸ. 2020ರ ಮಾರ್ಚಿನಲ್ಲಿ ಹೋಟೆಲ್ ಬಾಗಿಲು ಹಾಕಿತು, ಇವನು ಊರಿಗೆ ಬಂದ. ಮುಂದಿನ ವರ್ಷ ಧಾರವಾಡದ ಸಪ್ತಾಪುರದಲ್ಲಿ ರೂಮು ಮಾಡಿಕೊಂಡು ಸ್ಪರ್ಧಾತ್ಮಕ ಪರೀಕ್ಷೆಗೆ ಓದಿದ. 2021ರ ಅಕ್ಟೋಬರ್ 3ರಂದು 545 ಪಿಎಸ್‌ಐ ಹುದ್ದೆಗಳಿಗೆ ಪರೀಕ್ಷೆ ಬರೆದ. ಅಕ್ರಮ ಹೊರಬಿದ್ದು 2022ರ ಏಪ್ರಿಲ್‌ನಲ್ಲಿ ನೇಮಕಾತಿಯೇ ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ.

“ನಡುವ ಎರಡು ವರ್ಷ ಏನ್ ಮಾಡಿದಿ?”

“ಅಪ್ಪನ ಹೊಲದಾಗ ಮೆಣಸಿನಕಾಯಿ ನೋಡ್ಕೊಂಡಿದ್ದೆ. 2023ಕ್ಕ ಬರ ಬಿತ್ತು. ನೋಡ್ಕೊಳ್ಳಾಕ ಅದೂ ಉಳೀಲಿಲ್ಲ.”

“ಸರ್ಕಾರ ಯುವನಿಧಿ ಅಂತ ಕೊಡ್ತೈತಲ್ಲೋ, ತಿಂಗಳಾ ಮೂರು ಸಾವಿರ?”

“ಅದು 2022-23ರ ಮ್ಯಾಲೆ ಪಾಸಾದವ್ರಿಗೆ ಕಾಕಾ. ನಾನು ಮೊದಲ ಪಾಸಾಗಿ ಕೆಟ್ಟೆ.”

ಹೆಣ್ಣುಮಗಳು ನಕ್ಕರು. ನಗುವ ಮಾತಲ್ಲವೆಂದು ಗೊತ್ತಿದ್ದೂ ನಕ್ಕರು. ಅವರ ಕತೆಯ ತಾರೀಖೂ ಮಾರ್ಚ್ 2020ರ ಸುತ್ತಲೇ ಇತ್ತು. ಗಂಡ ಗೋವಾದ ವಾಸ್ಕೊದಲ್ಲಿ ಸೆಂಟ್ರಿಂಗ್ ಕೆಲಸಕ್ಕೆ, ಇವರು ಅಲ್ಲೇ ಉಸುಕು, ಇಟ್ಟಿಗೆ ಹೊರಲಿಕ್ಕೆ. ದೀಪಾವಳಿ ಮುಗಿಸಿ ಹೋದರೆ ಮುಂಗಾರಿಗೆ ವಾಪಸ್. ಈ ಭಾಗದಲ್ಲಿ ಇದಕ್ಕೆ ಗುಳೆ ಎನ್ನುತ್ತಾರೆ. ಶಿರಹಟ್ಟಿ, ಮುಂಡರಗಿಯ ಮಸಾರಿ ನೆಲದ ಊರುಗಳಲ್ಲಿ, ತಾಂಡಾಗಳಲ್ಲಿ ಮಳೆ ಕೈಕೊಟ್ಟ ವರ್ಷ ಮನೆಗಳಿಗೆ ಬೀಗ, ಕಟ್ಟೆಯ ಮೇಲೆ ಮುದುಕರು. ಜನ ಹೋಗುವುದು ಗೋವಾ, ಮಂಗಳೂರು, ಬೆಂಗಳೂರಿಗೆ.

“ಆ ವರ್ಷ ಮುಂಗಾರಿಗಿಂತ ಮೊದಲ ಎಲ್ಲಾರೂ ಹೊಳ್ಳಿ ಬಂದ್ವಿ. ಮೇಸ್ತ್ರಿ ಫೋನ್ ಎತ್ತಲಿಲ್ಲ. ಮುಂಗಡ ಕೊಟ್ಟಾಂವ ಬಾಕಿ ಕೊಡ್ಲಿಲ್ಲ” ಎಂದರು ಆಕೆ.

ಇಲ್ಲಿ ಸ್ವಲ್ಪ ಲೆಕ್ಕ ನೋಡಬೇಕು. 2020ರ ಏಪ್ರಿಲ್–ಜೂನ್ ತ್ರೈಮಾಸಿಕದಲ್ಲಿ ದೇಶದ ಜಿಡಿಪಿ ಶೇ 23.9ರಷ್ಟು ಕುಸಿಯಿತೆಂದು ಮೊದಲ ಅಂದಾಜು ಹೇಳಿತು. ಆದರೆ ಸರಾಸರಿ ಇಲ್ಲಿಯ ಕತೆ ಹೇಳುವುದಿಲ್ಲ. ಕಟ್ಟಡ ನಿರ್ಮಾಣ ಕುಸಿದದ್ದು ಅರ್ಧಕ್ಕರ್ಧ, ಶೇ 50.3. ವ್ಯಾಪಾರ, ಹೋಟೆಲ್, ಸಾರಿಗೆಯ ಗುಂಪು ಶೇ 47. ಈ ಇಬ್ಬರಲ್ಲಿ ಒಬ್ಬರ ಅನ್ನ ಇದ್ದದ್ದು ಒಂದರಲ್ಲಿ, ಇನ್ನೊಬ್ಬರದು ಮತ್ತೊಂದರಲ್ಲಿ. ಅದೇ ತ್ರೈಮಾಸಿಕದಲ್ಲಿ ಮೇಲಕ್ಕೆ ಹೋದ ದೊಡ್ಡ ವಲಯ ಒಂದೇ: ಕೃಷಿ, ಶೇ 3.4. ‘ಕೃಷಿ ಕೈ ಹಿಡಿಯಿತು’ ಎಂದು ಆಗ ಎಲ್ಲೆಡೆ ಹೇಳಿದರು. ಕೈ ಹಿಡಿದದ್ದು ನಿಜ. ಹಿಡಿದ ಕೈಗಳು ಎಷ್ಟು ಹೆಚ್ಚಾದವು ಎಂಬುದನ್ನು ಅಷ್ಟೇ ಜೋರಾಗಿ ಯಾರೂ ಹೇಳಲಿಲ್ಲ.

ಅದನ್ನು ಹೇಳಿದವನು ಹುಡುಗ. ಪರೀಕ್ಷೆಗೆ ಓದಿದ್ದರಿಂದ ಅಂಕಿಗಳು ಅವನಿಗೆ ಬಾಯಿಪಾಠ. “ದೇಶದಾಗ ದುಡಿಯಾವ್ರಲ್ಲಿ ಒಕ್ಕಲುತನ ಮಾಡಾವ್ರ ಪಾಲು 2018-19ರಾಗ ಶೇ 42.5 ಇತ್ತು. ಮರುವರ್ಷ 45.6 ಆತು, ಅದರ ಮರುವರ್ಷ 46.5. ಹೊಲ ಅಷ್ಟ ಐತಿ, ಬೆಳಿ ಅಷ್ಟ ಐತಿ, ಆಳು ಹೆಚ್ಚಾದ್ರು. ನಾನೂ ಆ ಲೆಕ್ಕದಾಗ ಇದ್ದೇನ್ರಿ.”

“ನಿನಗ ಅಪ್ಪ ಪಗಾರ ಕೊಡ್ತಿದ್ನೇನು?” ಹಿರಿಯರು ಕೇಳಿದರು.

“ಪಗಾರ ಬ್ಯಾಡ್ರಿ. ಮನಿ ಹೊಲದಾಗ ಪುಕ್ಕಟ ದುಡಿದ್ರೂ ಸಮೀಕ್ಷಾದಾಗ ಅವ ಉದ್ಯೋಗಸ್ಥ. ವಾರದಾಗ ಒಂದು ದಿನ, ಒಂದು ತಾಸು ದುಡಿದ್ರೂ ಆ ವಾರ ಅವ ನಿರುದ್ಯೋಗಿ ಅಲ್ಲ.”

ಮಡಚುವ ಕೈ ಮೊದಲ ಸಲ ನಿಂತಿತು. “ಅಂದ್ರ ಲಾಕ್‌ಡೌನ್‌ನ್ಯಾಗ ನಾನೂ ನಿರುದ್ಯೋಗಿ ಆಗಿರಲಿಲ್ಲ ಅನ್ನು.”

ಆಗಿರಲಿಲ್ಲ, ಬಹುಶಃ. ಹಾಗೆ ನೋಡಿದರೆ ಬೆಟಗೇರಿಯ ನೇಕಾರನೂ ಆಗಿರಲಿಲ್ಲ. ಮಗ್ಗ ಮನೆಯಲ್ಲೇ ಇದೆ. ನೂಲು ಬಂದಿಲ್ಲ, ನೇಯ್ದ ಸೀರೆಗೆ ಗಿರಾಕಿ ಇಲ್ಲ, ಆದರೂ ಯಾರೂ ಅವನನ್ನು ಕೆಲಸದಿಂದ ತೆಗೆದುಹಾಕಿಲ್ಲ. 2020ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ₹1,610 ಕೋಟಿಯ ಪರಿಹಾರ ಪ್ರಕಟಿಸಿದಾಗ ಅಗಸರು, ಕ್ಷೌರಿಕರು, ಆಟೊ ಚಾಲಕರಿಗೆ ತಲಾ ₹5,000 ಹೇಳಿತು, ಕೈಮಗ್ಗದ ನೇಕಾರರಿಗೆ ₹2,000. ಬೈಂಡರುಗಳ, ಮಷಿನ್‌ಮನ್‌ಗಳ ಹೆಸರು ಆ ಪಟ್ಟಿಯಲ್ಲಿ ಇರಲಿಲ್ಲ. ಆ ವರ್ಷ ಬಸವ ಜಯಂತಿ ಬಂದದ್ದು ಏಪ್ರಿಲ್ 26ಕ್ಕೆ, ಲಾಕ್‌ಡೌನ್‌ನ ನಟ್ಟನಡುವೆ. ಲಗ್ನವಿಲ್ಲ, ಲಗ್ನಪತ್ರಿಕೆ ಇಲ್ಲ. ಶಾಲೆ ತೆರೆಯಲಿಲ್ಲ, ನೋಟ್‌ಬುಕ್ಕಿಗೆ ಕೇಳುವವರಿಲ್ಲ. ಪ್ರೆಸ್ಸಿನ ಪಂಚಾಂಗದ ಎರಡು ದೊಡ್ಡ ಸುಗ್ಗಿ ಒಂದೇ ಬೇಸಿಗೆಯಲ್ಲಿ ಹೋದವು.

ದೂರದಲ್ಲೆಲ್ಲೋ ಆದದ್ದರ ಪೆಟ್ಟು ಗದಗಿಗೆ ಬೀಳುವುದು ಹೊಸದೇನಲ್ಲ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾದಾಗ ಲ್ಯಾಂಕಾಷೈರಿನ ಗಿರಣಿಗಳಿಗೆ ಅಲ್ಲಿಯ ಹತ್ತಿ ನಿಂತು, ಧಾರವಾಡ ಸೀಮೆಯ ಎರಿ ನೆಲದ ಹತ್ತಿಗೆ ಬಂಗಾರದ ಬೆಲೆ ಬಂತು. ‘ಧಾರವಾಡ-ಅಮೆರಿಕನ್’ ಎಂಬ ತಳಿಯೇ ಇತ್ತು. 1865ರಲ್ಲಿ ಯುದ್ಧ ಮುಗಿಯಿತು, ಮುಂಬಯಿ ಪೇಟೆ ಮುರಿದು ಬಿತ್ತು, ಬೆಲೆಯೂ ಇಳಿಯಿತು. ಇನ್ನೂ ಹನ್ನೆರಡು ವರ್ಷ ಕಳೆಯುವಷ್ಟರಲ್ಲಿ 1876–78ರ ಮಹಾ ಬರ. ಮುಂಬಯಿ ಪ್ರಾಂತದ ಪರಿಹಾರ ಕಾಮಗಾರಿಗಳಲ್ಲಿ ಕೂಲಿಯನ್ನು ದಿನಕ್ಕೆ ಒಂದು ಪೌಂಡ್ ಧಾನ್ಯದ ಬೆಲೆ ಮತ್ತು ಒಂದಾಣೆಗೆ ಇಳಿಸಿದ್ದು ರಿಚರ್ಡ್ ಟೆಂಪಲ್. ಹಸಿದ ಜನ ಸಾವಿರಾರು ಸಂಖ್ಯೆಯಲ್ಲಿ ಆ ಕೆಲಸ ಬಿಟ್ಟು ನಡೆದರು; ಪುಣೆಯ ಸಾರ್ವಜನಿಕ ಸಭಾ ಅವರ ಪರ ಬರೆಯಿತು. ಇನ್ನೊಂದು ಬರ ಬಂದರೆ ಧಾನ್ಯ ಸಾಗಿಸಲು ಇರಲಿ ಎಂದು ಆಮೇಲೆ ಹಾಕಿದ ಹಳಿಗಳಲ್ಲಿ ಹೋಟಗಿ–ಗದಗ ಮಾರ್ಗವೂ ಒಂದು. 1884ರಲ್ಲಿ ಗದಗಿಗೆ ರೈಲು ಬಂತು. ಇವತ್ತು ಅದೇ ಗದಗ ಜಂಕ್ಷನ್ನಿನಲ್ಲಿ ಗಂಟುಮೂಟೆ ಇಟ್ಟುಕೊಂಡು ಗೋವಾದ ಗಾಡಿಗೆ ಕಾಯುವವರಿದ್ದಾರೆ.

ಹಿರಿಯರಿಗೆ ಹುಡುಗನ ಮೇಲೆ ಒಂದು ತಕರಾರು ಇತ್ತು. ಅದನ್ನು ಅವರು ಒಳಗಿಟ್ಟುಕೊಳ್ಳಲಿಲ್ಲ. “ನೀವೆಲ್ಲಾ ಕೈಕೆಲಸ ಕಲೀಲಿಲ್ಲ ತಮ್ಮಾ. ಕಲಿತಾಂವ ಉಪವಾಸ ಬೀಳೂದಿಲ್ಲ.”

“ನೀವು ಮೊದಲು ಏನ್ ಮಾಡ್ತಿದ್ರಿ ಕಾಕಾ?”

“ಕಂಪೋಸಿಟರ್. ಮೊಳಿ ಜೋಡಸ್ತಿದ್ದೆ.”

“ಆ ಕೆಲ್ಸ ಎಲ್ಲಿ ಹೋತು?”

ಹಿರಿಯರು ಉತ್ತರ ಕೊಡಲಿಲ್ಲ. ಕೊಡುವ ಅಗತ್ಯವೂ ಇರಲಿಲ್ಲ. ಕಂಪ್ಯೂಟರ್, ಡಿಟಿಪಿ, ಆಫ್‌ಸೆಟ್ ಬಂದ ಮೇಲೆ ಸೀಸದ ಮೊಳೆಗಳು ತೂಕಕ್ಕೆ ಹೋದವು. ಎಡಗೈಯಲ್ಲಿ ಸ್ಟಿಕ್ ಹಿಡಿದು, ಕಣ್ಣು ಹಸ್ತಪ್ರತಿಯ ಮೇಲಿಟ್ಟು, ಖಾನೆಯಿಂದ ಬಲಗೈ ತಾನಾಗಿ ಅಕ್ಷರ ಹೆಕ್ಕುತ್ತಿದ್ದವರು ಬೈಂಡಿಂಗಿಗೆ ಬಂದರು, ಕಿರಾಣಿ ಅಂಗಡಿಗೆ ಹೋದರು. ಕೈಕೆಲಸ ಕಲಿತರೆ ಉಪವಾಸವಿಲ್ಲ ಎನ್ನುವುದು ಅರ್ಧ ಸತ್ಯ. ಉಪವಾಸ ಬೀಳದಿರಬಹುದು; ಮೊದಲಿನಷ್ಟು ಗಳಿಸುತ್ತಾನೆ ಎಂದು ಯಾರೂ ಬರೆದುಕೊಟ್ಟಿಲ್ಲ.

ಹಿರಿಯರು ಬೇರೆ ದಾರಿ ಹಿಡಿದರು. “ಹೋಗಲಿ. ನಿಮ್ಮ ಮುಂಡರಗಿ ಕಡೆ ಪೋಸ್ಕೊ ಬರೂದಿತ್ತು. ನೀವ ಬ್ಯಾಡಂದ್ರಿ.”

ಇದು ಗದಗ ಜಿಲ್ಲೆಯಲ್ಲಿ ಇವತ್ತಿಗೂ ಚಹಾದಂಗಡಿಗಳಲ್ಲಿ ಮುಗಿಯದ ವಾದ. 2010ರಲ್ಲಿ ಕೊರಿಯಾದ ಕಂಪನಿ ರಾಜ್ಯದೊಂದಿಗೆ ಒಪ್ಪಂದ ಮಾಡಿಕೊಂಡಿತು: ವರ್ಷಕ್ಕೆ 60 ಲಕ್ಷ ಟನ್ ಉಕ್ಕು, ₹32,336 ಕೋಟಿ ಬಂಡವಾಳ. ಜಾಗ ಮುಂಡರಗಿ ತಾಲ್ಲೂಕಿನ ಹಳ್ಳಿಗುಡಿ ಸುತ್ತ. ರೈತರು ಎದ್ದರು, ಗದಗಿನ ತೋಂಟದ ಸಿದ್ಧಲಿಂಗ ಸ್ವಾಮೀಜಿ ಮುಂದೆ ನಿಂತರು, 2011ರ ಜುಲೈನಲ್ಲಿ ಸರ್ಕಾರ ಭೂಸ್ವಾಧೀನ ಕೈಬಿಟ್ಟಿತು.

“ಆವಾಗ ನಾ ಸಾಲಿ ಹುಡುಗ ಇದ್ದೆ. ನಮ್ಮ ಅಪ್ಪ ಟ್ರ್ಯಾಕ್ಟರ್ ಹತ್ತಿ ಮೋರ್ಚಾಕ್ಕ ಹೋಗಿದ್ದ” ಎಂದ ಹುಡುಗ. “ಈಗೊಮ್ಮೊಮ್ಮೆ ಅನಸ್ತೈತಿ, ಬಂದಿದ್ರ ನನಗೊಂದು ಗೇಟ್ ಪಾಸ್ ಸಿಗ್ತಿತ್ತೇನೊ.”

ಹೆಣ್ಣುಮಗಳು ತಡೆದರು. “ಗೇಟ್ ಪಾಸ್ ಸಿಗ್ತಿತ್ತು ತಮ್ಮಾ. ನೌಕರಿ ಬ್ಯಾರೆ, ಗೇಟ್ ಪಾಸ್ ಬ್ಯಾರೆ. ತೋರಣಗಲ್ಲಿನ ಉಕ್ಕಿನ ಕಾರ್ಖಾನಿಗೆ ಹೋದವ್ರನ್ನ ಕೇಳು. ಕಂಟ್ರಾಕ್ಟರ್ ಬದಲಾದ್ರ ಪಾಸೂ ಬದಲಾಗ್ತೈತಿ. ಹೊಲ ಇದ್ದದ್ದಕ್ಕ 2020ರಾಗ ನೀ ಹೊಳ್ಳಿ ಬರಾಕ ಒಂದು ಜಾಗ ಇತ್ತು.”

ಲೇಖಕನ ಮತವೂ ಆಕೆಯ ಕಡೆಗೇ. ಉಕ್ಕಿನ ಕಾರ್ಖಾನೆಯಲ್ಲಿ ಕಾಯಂ ನೌಕರಿ ಹೋಗುವುದು ತರಬೇತಾದ ಕೆಲವರಿಗೆ, ಉಳಿದದ್ದು ಗುತ್ತಿಗೆ. ಆದರೆ ಪೋಸ್ಕೊ ಬೇಡವೆಂದ ಮೇಲೆ ಬೇಕಾದದ್ದು ಏನು ಎಂಬುದಕ್ಕೆ ಇಷ್ಟು ವರ್ಷಗಳಲ್ಲಿ ಯಾರೂ ಸರಿಯಾದ ಉತ್ತರ ಕೊಟ್ಟಿಲ್ಲ ಎಂಬ ಹುಡುಗನ ಸಿಟ್ಟು ನ್ಯಾಯವಾದದ್ದೇ. ಕಪ್ಪತಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುತ್ತಿವೆ. ಅವನ್ನು ನಿಲ್ಲಿಸುವಾಗ ಕೂಲಿ ಸಿಕ್ಕಿತು, ತಿರುಗಿಸಲು ಜನ ಬೇಕಿಲ್ಲ.

“ನೀವು ಹೊಳ್ಳಿ ಬಂದ ಮ್ಯಾಲೆ ಏನ್ ಮಾಡಿದ್ರಿ ಅಕ್ಕಾ?” ಹುಡುಗ ಕೇಳಿದ.

“ನಮೂನೆ ಆರು ಹಾಕಿದೆ.”

ಉದ್ಯೋಗ ಖಾತ್ರಿಯಲ್ಲಿ ಕೆಲಸ ಕೇಳುವ ಅರ್ಜಿಗೆ ಆ ಹೆಸರು. ಆಕೆ ಅದನ್ನು ಹಂತಹಂತವಾಗಿ ಬಿಡಿಸಿ ಹೇಳಿದರು, ಹೇಳಿ ಹೇಳಿ ರೂಢಿಯಾದವರ ಹಾಗೆ. ಜಾಬ್ ಕಾರ್ಡ್ ಇರಬೇಕು. ಪಂಚಾಯ್ತಿಗೆ ಅರ್ಜಿ ಕೊಟ್ಟು ತಾರೀಖು ಹಾಕಿದ ರಸೀದಿ ಇಸಿದುಕೊಳ್ಳಬೇಕು. ಹದಿನೈದು ದಿನದೊಳಗೆ ಕೆಲಸ ಕೊಡದಿದ್ದರೆ ಮೊದಲ ಮೂವತ್ತು ದಿನ ಕೂಲಿಯ ಕಾಲು ಭಾಗ, ಆಮೇಲೆ ಅರ್ಧ ಭಾಗ ನಿರುದ್ಯೋಗ ಭತ್ಯೆ ಎಂದು ಕಾಯ್ದೆ ಹೇಳುತ್ತದೆ. ಗಂಡಿಗೂ ಹೆಣ್ಣಿಗೂ ಒಂದೇ ಕೂಲಿ. 2020-21ರಲ್ಲಿ ದಿನಕ್ಕೆ ₹275 ಇತ್ತು, 2024-25ರಲ್ಲಿ ₹349. ಮುಂಜಾನೆ ಒಮ್ಮೆ, ಮಧ್ಯಾಹ್ನ ಒಮ್ಮೆ ಮೊಬೈಲಿನಲ್ಲಿ ಗುಂಪಿನ ಫೋಟೊ ಹೋಗಬೇಕು. ನೆಟ್‌ವರ್ಕ್ ಇಲ್ಲದ ಗುಡ್ಡದ ಬುಡದಲ್ಲಿ ಅದೇ ದೊಡ್ಡ ಕೆಲಸ.

“ರಸೀದಿ ಇಸ್ಕೊಳ್ಳಾರದವ್ರಿಗೆ ಭತ್ಯೆ ಇಲ್ಲ” ಎಂದರು ಆಕೆ. “ಬಾಯ್ಮಾತಿಲೆ ಕೇಳಿದ್ರ ‘ಆತು ಹೋಗ್ರಿ, ಹೇಳ್ತೀವಿ’ ಅಂತಾರ. ಬರದು ಕೊಟ್ರ ಅವ್ರಿಗೆ ತಾರೀಖಿನ ಅಂಜಿಕಿ ಇರ್ತೈತಿ. ಗೋವಾದಾಗ ಇದಕ್ಕಿಂತ ಜಾಸ್ತಿ ಸಿಗ್ತೈತಿ, ಸುಳ್ಳ್ಯಾಕ ಹೇಳ್ಲಿ. ಆದ್ರ ಇಲ್ಲಿ ಮಕ್ಕಳ ಸಾಲಿ ತಪ್ಪೂದಿಲ್ಲ.”

2020ರಲ್ಲಿ ಇಂಥ ಅರ್ಜಿಗಳೇ ದೇಶದ ಹಳ್ಳಿಗಳನ್ನು ಹಿಡಿದು ನಿಲ್ಲಿಸಿದವು. ಬಜೆಟ್ಟಿನಲ್ಲಿದ್ದ ₹61,500 ಕೋಟಿಗೆ ಮೇ ತಿಂಗಳಲ್ಲಿ ಇನ್ನೂ ₹40,000 ಕೋಟಿ ಸೇರಿಸಬೇಕಾಯಿತು. ಹಿಂದಿನ ವರ್ಷ 265 ಕೋಟಿ ಇದ್ದ ಮಾನವ ದಿನಗಳು ಆ ವರ್ಷ 389 ಕೋಟಿಗೆ ಹೋದವು. ಬದು, ಕೃಷಿ ಹೊಂಡ, ಕೆರೆಯ ಹೂಳು. ಗೋವಾದಲ್ಲಿ ಹತ್ತನೇ ಅಂತಸ್ತಿಗೆ ಕಾಂಕ್ರೀಟ್ ಹೊತ್ತವರು ಸ್ವಂತ ಹೊಲದಲ್ಲಿ ಬದು ಹಾಕಿ ಕೂಲಿ ಪಡೆದರು.

ಹುಡುಗ ಗುದ್ದಲಿ ಹಿಡಿದನೇ? ಹಿಡಿದ, ಒಂದು ಬೇಸಿಗೆ. “ಮುಖಕ್ಕ ಟವೆಲ್ ಸುತ್ತಿಕೊಂಡು ಹೋಗ್ತಿದ್ದೆ. ಬಿಸಲಿಗಲ್ಲ, ನಮ್ಮ ಹೈಸ್ಕೂಲ್ ಮಾಸ್ತರು ಅದ ದಾರೀಲೆ ಅಡ್ಡಾಡ್ತಿದ್ರು.”

ಹಿರಿಯರು ಇಷ್ಟನ್ನೂ ಕೇಳಿಸಿಕೊಂಡು, ಕಟ್ಟಿಂಗ್ ಮಷಿನ್ನಿನ ಕಡೆಗೆ ನೋಡುತ್ತ ಒಂದು ಪ್ರಶ್ನೆ ಕೇಳಿದರು. ಇಡೀ ಮಾತುಕತೆಯ ತಿರುಳು ಅದರಲ್ಲೇ ಇತ್ತು.

“ಅಲ್ಲಬೇ ತಂಗೀ, ಈ ಆರನೇ ನಮೂನಿ ನಾನೂ ಹಾಕಬೌದೇನು?”

“ನಿಮಗ ಬರೂದಿಲ್ರಿ ಅಣ್ಣಾರ. ಹಳ್ಯಾವ್ರಿಗೆ ಅಷ್ಟ. ಇದು ನಗರಸಭೆ.”

ಕಾಯ್ದೆಯ ಹೆಸರಿನಲ್ಲೇ ‘ಗ್ರಾಮೀಣ’ ಎಂದಿದೆ. ಗದಗ-ಬೆಟಗೇರಿ ನಗರಸಭೆ, ಮುಂಡರಗಿ, ಲಕ್ಷ್ಮೇಶ್ವರ ಪುರಸಭೆ, ಶಿರಹಟ್ಟಿ ಪಟ್ಟಣ ಪಂಚಾಯ್ತಿ. ನಾಲ್ಕೂ ಊರು ಆ ಕಾಯ್ದೆಯ ಬೇಲಿಯಾಚೆ. ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ 1905ರಲ್ಲಿ ಹುಟ್ಟಿದ ಕಣಗಿನಹಾಳ ಗದಗಿನ ಮಗ್ಗುಲಲ್ಲೇ ಇದೆ. ಅಲ್ಲಿಯ ಕೂಲಿಕಾರ ಅರ್ಜಿ ಹಾಕಬಹುದು, ಬೆಟಗೇರಿಯ ನೇಕಾರ ಹಾಕುವಂತಿಲ್ಲ. ಲಕ್ಷ್ಮೇಶ್ವರದ ಎಪಿಎಂಸಿಯಲ್ಲಿ ಶೇಂಗಾ, ಉಳ್ಳಾಗಡ್ಡಿ ಚೀಲ ಹೊರುವ ಹಮಾಲರೂ ಹಾಕುವಂತಿಲ್ಲ. ಬರ ಬಿದ್ದರೆ ಆವಕ ಇಲ್ಲ, ಆವಕ ಇಲ್ಲದಿದ್ದರೆ ಅವರ ದಿನ ಖಾಲಿ. ಆದರೂ ಬರಪೀಡಿತರ ಪಟ್ಟಿಯಲ್ಲಿ ರೈತನ ಹೆಸರು ಬರುತ್ತದೆ, ಹಮಾಲನದು ಬರುವುದಿಲ್ಲ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದಾಗಲೂ ಹಾಗೆಯೇ ಆಯಿತು. 2020ರ ಏಪ್ರಿಲ್–ಜೂನ್‌ನಲ್ಲಿ ದೇಶದ ನಗರಗಳ ನಿರುದ್ಯೋಗ ಶೇ 20 ದಾಟಿತ್ತು, ಅದೂ ವಾರಕ್ಕೊಂದು ತಾಸಿನ ಆ ಉದಾರ ಲೆಕ್ಕದಲ್ಲಿ.

ನಗರಕ್ಕೆ ಇಂಥದ್ದು ಆಗದ ಮಾತು ಎನ್ನುವವರಿದ್ದಾರೆ. ಆಗಿದೆ. ಕೇರಳ 2010ರಿಂದಲೇ ಅಯ್ಯಂಕಾಳಿ ಹೆಸರಿನಲ್ಲಿ ನಗರ ಉದ್ಯೋಗ ಖಾತ್ರಿ ನಡೆಸುತ್ತಿದೆ. 2020ರ ಸಂಕಟದಲ್ಲಿ ಒಡಿಶಾ, ಹಿಮಾಚಲ ಪ್ರದೇಶ, ಜಾರ್ಖಂಡ್ ತಮ್ಮ ತಮ್ಮ ಯೋಜನೆ ತಂದವು. ರಾಜಸ್ಥಾನ 2022ರ ಸೆಪ್ಟೆಂಬರಿನಲ್ಲಿ ನಗರದ ಕುಟುಂಬಗಳಿಗೆ ನೂರು ದಿನದ ಕೆಲಸ ಶುರು ಮಾಡಿತು. ಇವೆಲ್ಲ ಸಣ್ಣ ಅನುದಾನದ, ಕುಂಟುತ್ತ ನಡೆದ ಯೋಜನೆಗಳು ಎಂಬುದು ಬೇರೆ ಮಾತು. ಕರ್ನಾಟಕ ಗೃಹಲಕ್ಷ್ಮಿಯ ₹2,000 ಕೊಡುತ್ತದೆ, ಬಸ್ಸಿನಲ್ಲಿ ಹೆಣ್ಣುಮಕ್ಕಳನ್ನು ಪುಕ್ಕಟೆ ಕರೆದೊಯ್ಯುತ್ತದೆ, ಮನೆ ನಡೆಯಲು ಅವು ಆಸರೆಯೂ ಹೌದು. ಆದರೆ ಪಟ್ಟಣದವನು ಬರೆದುಕೊಟ್ಟು ಕೆಲಸ ಕೇಳಬಹುದಾದ ಒಂದು ಕಾಗದ ಇಲ್ಲಿ ಇಲ್ಲ.

“ಕೆಲ್ಸಕ್ಕೇನು ಬರಗಾಲ ಇಲ್ಲ ಊರಾಗ” ಎಂದು ಹಿರಿಯರೇ ಪಟ್ಟಿ ಶುರು ಮಾಡಿದರು. ಮಳೆಗಾಲಕ್ಕೆ ಮೊದಲು ಗಟಾರ ಎತ್ತಬೇಕು, ಭೀಷ್ಮ ಕೆರೆಯ ದಂಡೆ ನೋಡಿಕೊಳ್ಳಬೇಕು, ಸರ್ಕಾರಿ ಶಾಲೆಯ ಕಾಂಪೌಂಡ್ ಕಟ್ಟಬೇಕು. ಹುಡುಗ ತನ್ನದನ್ನು ಸೇರಿಸಿದ: ಮನೆ ಮನೆಯ ಆಸ್ತಿ ಅಳತೆ, ಖಾತೆಯ ಕಾಗದ ಕಂಪ್ಯೂಟರಿಗೆ ಹಾಕುವುದು, ಗ್ರಂಥಾಲಯದ ಪುಸ್ತಕಗಳ ಪಟ್ಟಿ. ಗುದ್ದಲಿಯ ಕೆಲಸವೊಂದೇ ಕೆಲಸವಲ್ಲ, ಬಿ.ಕಾಂ. ಓದಿದವನಿಗೂ ಅದರಲ್ಲಿ ಜಾಗ ಇರಬೇಕು ಎಂಬುದು ಅವನ ವಾದ. ಹೆಣ್ಣುಮಗಳು ಒಂದೇ ಶರತ್ತು ಹಾಕಿದರು: “ಕೂಸಿನ ಮನಿ ಇರ್ಬೇಕ್ರಿ. ನಮ್ಮ ಪಂಚಾಯ್ತ್ಯಾಗ ಮಾಡ್ಯಾರ. ಸಣ್ಣ ಕೂಸು ಬಿಟ್ಟು ಬರಾಕ ಜಾಗ ಇಲ್ಲಂದ್ರ ಹೆಣ್ಮಕ್ಳು ಬರೂದಿಲ್ಲ.”

ಇದೆಲ್ಲಕ್ಕೂ ರಾಜ್ಯದ ಕಾನೂನು ಬರುವವರೆಗೆ ಕಾಯಬೇಕಾಗಿಲ್ಲ. ನಗರಸಭೆ, ಪುರಸಭೆ, ಪಟ್ಟಣ ಪಂಚಾಯ್ತಿಗಳು ಪ್ರತಿ ವರ್ಷ ಬಜೆಟ್ಟಿಗೆ ಮೊದಲು ಸಾರ್ವಜನಿಕರ ಸಲಹೆ ಕೇಳುವ ಸಭೆ ಕರೆಯುತ್ತವೆ. ಅಲ್ಲಿ ಬರುವ ಬೇಡಿಕೆ ಸಾಮಾನ್ಯವಾಗಿ ನೀರು, ರಸ್ತೆ, ಬೀದಿದೀಪ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಓದುಗರು ಮುಂದಿನ ಸಭೆಗೆ ಹೋಗಿ, ಕೆಲಸವಿಲ್ಲದ ತಿಂಗಳುಗಳಿಗೆ ಕೂಲಿಯ ಒಂದು ಬಾಬತ್ತು ಇಡಿ ಎಂದು ಕೇಳಬೇಕು. ಬೈಂಡರುಗಳು, ನೇಕಾರರು, ಹಮಾಲರು, ಪರೀಕ್ಷೆಗೆ ಓದುವ ಹುಡುಗರು ಒಟ್ಟಾಗಿ ಹೋದರೆ ಇನ್ನೂ ಒಳ್ಳೆಯದು. ಬಾಯಿಮಾತಿನಲ್ಲಿ ಕೇಳಬೇಡಿ. ಬರೆದು ಕೊಡಿ, ತಾರೀಖು ಹಾಕಿದ ಸ್ವೀಕೃತಿ ಪಡೆದುಕೊಂಡೇ ಹೊರಗೆ ಬನ್ನಿ.